ಎರಡನೇ ಸಾಲು

ಜೂನ್ 3

ಇವತ್ತೂ ಆಸ್ಪತ್ರೆಯ ಕಂಪ್ಯೂಟರಿಗೆ ಅದೇ ಸ್ಕ್ರಿಪ್ಟ್ ಬರೆಯುವ ಕೆಲಸ. ವಾರ್ಡಿನ ನರ್ಸ್ ಬರೆದ ಅಲರ್ಜಿ ಟಿಪ್ಪಣಿ ಆಪರೇಷನ್ ಥಿಯೇಟರಿನ ಪರದೆಗೆ ಹೋಗಬೇಕು. ಪಿಎಚ್‌ಪಿ ಕೋಡಿನಲ್ಲಿ ಅದನ್ನು ಜೇಸನ್ ಎಂಬ ಪೊಟ್ಟಣವಾಗಿ ಕಟ್ಟಿ ಕಳಿಸಿದೆ. ಥಿಯೇಟರ್ ಸಿಸ್ಟರ್ ಫೋನ್:

“ಏನ್ರೀ, ಪೇಷಂಟ್ ಹೆಸರು ಡಾಲರ್ ನೇಮ್ ಅಂತಿದೆ. ಭಾರೀ ಶ್ರೀಮಂತ್ರಾ?”

ಪೇಷಂಟ್ ಹೆಸರು ತುಂಬಬೇಕಾದ ವೇರಿಯಬಲ್ $name ಅನ್ನು ಸಿಂಗಲ್ ಕೋಟ್ ಒಳಗೆ ಇಟ್ಟಿದ್ದೆ. ಹೆಸರು ತುಂಬದೆ ಅದು ಹಾಗೆಯೇ ಹೋಗಿದೆ. ಅಕ್ಷರಗಳ ಆ ಸ್ಟ್ರಿಂಗ್ ಒಡೆದು, ನಡುವೆ ಹೆಸರಿಟ್ಟು, ಚುಕ್ಕೆ ಹಾಕಿ ಜೋಡಿಸಿದೆ. ಸರಿಹೋಯಿತು.

ಜೂನ್ 4

ಕಳಿಸಿದ್ದೆಲ್ಲ ತಲುಪಿತು. ನಾಳೆಯಿಂದ ಅಲರ್ಜಿ ಬರೆದು ಕಳಿಸುವ ಕಾಗದದ ಚೀಟಿ ಬಂದ್.

ಓದುತ್ತಿರುವ ಕಾದಂಬರಿಯಲ್ಲಿ ಅನುವಾದಕರು ಒಂದು ಪ್ಯಾರಾ ನುಂಗಿರುವ ಅನುಮಾನ. ಮೂಲ ನೋಡದವರಿಗೆ ಗೊತ್ತೇ ಆಗುವುದಿಲ್ಲ.

ಜೂನ್ 11

ಅತ್ತಿಗೆ ನಮ್ಮ ಆಸ್ಪತ್ರೆಯಲ್ಲೇ ಅಡ್ಮಿಟ್. ನಾಳೆ ಪಿತ್ತಕೋಶದ ಆಪರೇಷನ್. ಪೆನಿಸಿಲಿನ್ ಆಗದು, ಹಿಂದೊಮ್ಮೆ ಉಸಿರೇ ಕಟ್ಟಿತ್ತು. ನರ್ಸಿಗೆ ಸವಿಸ್ತಾರವಾಗಿ ಹೇಳಿ ಬರೆಸಿದರು.

“ಎಲ್ಲಾ ಹೋಯ್ತಾ ಮೈದುನರಾಯಾ, ನಿನ್ನ ಡಬ್ಬದೊಳಗೆ?”

“ಹೋಯ್ತು ಅತ್ತಿಗೆ.”

“ಅದಕ್ಕಾದ್ರೂ ಬಾಯಿ ಇದೆಯಲ್ಲ. ನಿನಗಂತೂ ಇಲ್ಲ.”

ಜೂನ್ 12, ಬೆಳಿಗ್ಗೆ

ಥಿಯೇಟರಿನ ಪರದೆ ತೆರೆದು ನೋಡಿದೆ. ಅತ್ತಿಗೆಯ ಹೆಸರಿನ ಮುಂದೆ — ಅಲರ್ಜಿ: ಇಲ್ಲ.

ಇಲ್ಲ?

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ… ಸಿಸ್ಟರ್ ಎತ್ತಿದರು.

“ನಮ್ಮ ಅತ್ತಿಗೆಗೆ ಇಂಜೆಕ್ಷನ್ ಕೊಟ್ರಾ? ಪೆನಿಸಿಲಿನ್ ಆಗಲ್ಲ ಅವ್ರಿಗೆ!”

“ಗೊತ್ತು ಬಿಡ್ರೀ. ಬಂದಾಗಿಂದ ಅವ್ರದು ಅದೇ ಪುರಾಣ. ಸಿರಿಂಜ್ ಹಿಡಿದ ಡಾಕ್ಟರ ಕೈಯನ್ನೇ ಹಿಡ್ಕೊಂಡ್ರು. ಬೇರೆ ಔಷಧಿ ಕೊಟ್ಟಾಯ್ತು.”

ಫೋನ್ ಇಟ್ಟು ಕಂಪ್ಯೂಟರಿಗೆ ಬಂದೆ.

ಟಿಪ್ಪಣಿ ಮತ್ತೆ ಕಳಿಸಿ ನೋಡಿದೆ. ನರ್ಸ್ ಎರಡನೇ ಸಾಲಿಗೆ ಹೋಗಲು ಎಂಟರ್ ಒತ್ತಿದ್ದಾರೆ. ಜೇಸನ್ ಒಳಗೆ ಸಾಲು ಹಾಗೆ ತುಂಡಾಗಬಾರದು; ನಾನು ಕೈಯಾರೆ ಜೋಡಿಸಿದ್ದು ಅಲ್ಲೇ ಮುರಿದಿದೆ. ಥಿಯೇಟರಿನ ಸರ್ವರ್ ಬೇಡವೆಂದು ವಾಪಸ್ ಮಾಡಿದೆ. ಉತ್ತರ ಏನು ಬಂತೆಂದು ನನ್ನ ಸ್ಕ್ರಿಪ್ಟ್ ನೋಡುವುದೇ ಇಲ್ಲ. ಟಿಪ್ಪಣಿ ಬಾರದಿದ್ದರೆ ಪರದೆ ‘ಇಲ್ಲ’ ಎನ್ನುತ್ತದೆ.

ಎಲ್ಲವನ್ನೂ ಅರೇ ಎಂಬ ಪಟ್ಟಿಗೆ ಹಾಕಿ, ಜೇಸನ್ ತಾನೇ ಕಟ್ಟಿಕೊಡುವ json_encodeಗೆ ಒಪ್ಪಿಸಿದೆ. ಎಂಟರ್ ಇರಲಿ, ಕೋಟ್ ಇರಲಿ, ಅದೇ ಸಂಭಾಳಿಸುತ್ತದೆ. ಒಂದೇ ಸಾಲಿನ ಕೆಲಸ.

ಅದೇ ದಿನ, ಮಧ್ಯಾಹ್ನ

ಸರ್ವರಿಗೆ ಬಂದದ್ದು, ಅದು ವಾಪಸ್ ಮಾಡಿದ್ದು ಎಲ್ಲ ದಾಖಲಾಗುವ ಲಾಗ್ ತೆರೆದೆ. ವಾಪಸಾದದ್ದು ಅತ್ತಿಗೆಯದೊಂದೇ ಅಲ್ಲ. ಹೆಚ್ಚು ಅಲರ್ಜಿ ಇದ್ದವರಿಗೇ ಅಲ್ಲವೇ ಎರಡನೇ ಸಾಲು ಬೇಕಾಗುವುದು…

ಅವರಲ್ಲಿ ಒಬ್ಬರನ್ನು ಪ್ರಜ್ಞೆ ಇಲ್ಲದೆ ತಂದಿದ್ದರು. ಟಿಪ್ಪಣಿ ಮಗಳು ಹೇಳಿ ಬರೆಸಿದ್ದು. ನಿನ್ನೆ ಆಪರೇಷನ್ ಆಗಿದೆ.

ವಾರ್ಡಿಗೆ ಫೋನ್ ಹಚ್ಚಿದ್ದೇನೆ. ನರ್ಸ್ ಎತ್ತಿದರು. ಹೆಸರು ಹೇಳಿದೆ. ನರ್ಸ್ ಧ್ವನಿ ತಗ್ಗಿಸಿದರು:

“ಅವ್ರ ಮಗಳು ಇಲ್ಲೇ ಇದಾರೆ. ಅವ್ರಿಗೇ ಕೊಡ್ತೀನಿ, ತಾಳಿ.”

ಏನಂತ ಶುರು ಮಾ—