ಬೀಜದ ಕೋಲ್ಡ್ ಸ್ಟೋರೇಜಿನಲ್ಲಿ ಸತ್ತ ಈ-ಮೇಲ್

ರಾಣೆಬೆನ್ನೂರಿನ ಬೀಜ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಕಳೆದುಹೋಗಿದೆ ಎಂದು ನೀವು ಹೇಳುತ್ತಿರುವ ಈ-ಮೇಲ್ ನಿಜಕ್ಕೂ ಕಳೆದುಹೋಗಿದೆ ಎಂದು ನಾನು ನಂಬುವುದಿಲ್ಲ. ನಿಮ್ಮ ಕಚೇರಿಗೇ ಬಂದು ಇದನ್ನು ಹೇಳಿದೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಊರೆಲ್ಲ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಹೋದ ವರ್ಷ, ಅಂದರೆ 2006ರಲ್ಲಿ, ಮೇಡ್ಲೇರಿಯ ನಮ್ಮ ಹೊಲದಲ್ಲಿ ನಿಮ್ಮ ಕಂಪನಿಗಾಗಿ ಹೈಬ್ರಿಡ್ ಮೆಣಸಿನಕಾಯಿ ಬೀಜ ಬೆಳೆದೆವು. ಹೆಣ್ಣು ಗಿಡದ ಹೂವಿಗೆ ಗಂಡು ಗಿಡದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ಕರಿಯವ್ವ ಮತ್ತು ಅವಳ ಗುಂಪಿನ ಹೆಣ್ಣುಮಕ್ಕಳು ಮಾಡಿದರು. ಈಗ ಆ ಬೀಜ ಬೆರಕೆ ಎಂದು ಕಂಪನಿ ತೀರ್ಮಾನಿಸಿದೆ. ತಪ್ಪು ಕರಿಯವ್ವನ ಕೈಯದಂತೆ. ಅವಳನ್ನು ಯಾರೂ ಹೊಲಕ್ಕೆ ಕರೆಯಕೂಡದೆಂದು ಸುತ್ತಲಿನ ಬೆಳೆಗಾರರಿಗೆಲ್ಲ ನಿಮ್ಮವರು ಹೇಳಿಕಳಿಸಿದ್ದಾರೆ.

ಆದರೆ ಕ್ರಾಸಿಂಗ್ ಶುರುವಾಗುವ ಮೊದಲೇ ಕರಿಯವ್ವ ಗಂಡು ಸಾಲಿನಲ್ಲಿ ನಿಂತು ನನ್ನನ್ನು ಕೂಗಿದ್ದಳು. “ಅವ್ವಾರ, ಇಲ್ಲಿ ಬರ್ರಿ. ಉಳಿದ ಹೂವೆಲ್ಲಾ ತಲಿ ತೆಳಗ ಹಾಕ್ಯಾವು, ಇವು ಮಾತ್ರ ಮುಗಿಲು ನೋಡಾಕತ್ತಾವು. ಇವು ಬ್ಯಾರೆ ಜಾತಿ ಅದಾವ್ರಿ.” ನಿಮ್ಮ ಮೇಲ್ವಿಚಾರಕ ಸುನೀಲಕುಮಾರ ನೋಡಿ ಒಪ್ಪಿದ. ಕಂಪನಿ ಕೊಟ್ಟ ಬೀಜದಲ್ಲೇ ಬೆರಕೆ ಇದೆ ಎಂದು ಕಾಗದದ ಮೇಲೆ ಬರೆದುಕೊಡು ಎಂದೆ. ನಕ್ಕ. “ಈಗ ಕಾಗದ ಯಾರು ಬರೀತಾರ್ರಿ ಅವ್ವಾರ? ಈ-ಮೇಲ್ ಹಾಕ್ತೀನಿ. ಕಾಗದಕ್ಕ ಗೆದ್ದಲ ಹತ್ತತೈತಿ, ಇದು ಆಫೀಸಿನ್ಯಾಗ ಕಾಯಂ ಇರತೈತಿ.” ಕಳಿಸಿದ. “ಇರಲಿ, ಕೆಲಸ ಮುಂದುವರಿಸಿ” ಎಂದು ನಿಮ್ಮ ಕಚೇರಿಯಿಂದ ಉತ್ತರವೂ ಬಂತು. ಆತ ಈಗ ನಿಮ್ಮ ಕೆಲಸ ಬಿಟ್ಟಿದ್ದಾನೆ. ಕೇಳಿದರೆ ಇಂದಿಗೂ ಇದನ್ನೇ ಹೇಳುತ್ತಾನೆ. ಬಾಯಿಮಾತು ನಡೆಯುವುದಿಲ್ಲ ಎನ್ನುತ್ತೀರಿ ನೀವು.

ಆ ಕಾಯಂ ಏನಾಯಿತು? ಸರ್ವರ್ ಕೆಟ್ಟಿತು ಎಂದಿರಿ. ಬ್ಯಾಕಪ್ ಇಲ್ಲವೇ ಎಂದರೆ, “ಟೇಪ್ ಓದ್ತಾ ಇಲ್ಲಮ್ಮ” ಎಂದಿರಿ. ಬಾಗಿಲಲ್ಲಿ ನಿಂತಿದ್ದ ಕರಿಯವ್ವ, “ಅದೂ ನನ್ಹಂಗ ಸಾಲಿ ಕಲಿತಿಲ್ಲೇನ್ರಿ ಸಾಹೇಬ್ರ?” ಎಂದಳು. ನಿಮ್ಮ ಕಚೇರಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಟೇಪನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. “ಕೆಡಬಾರದು ಅಂತ ಬೀಜದ ಕೋಲ್ಡ್ ಸ್ಟೋರೇಜಲ್ಲೇ ಇಟ್ಟಿದ್ವಿ” ಎಂದು ಹೆಮ್ಮೆಯಿಂದಲೇ ಹೇಳಿದಿರಿ. ಎಂಥ ಜಾಣತನ! ತಂಪಿನಲ್ಲಿ ಬೀಜ ಉಳಿಯುತ್ತದೆ ಎಂದಮೇಲೆ ಈ-ಮೇಲೂ ಉಳಿಯಲೇಬೇಕಲ್ಲ? ಹೊರಗೆ ತೆಗೆದಾಗಲೆಲ್ಲ ಅದರ ಮೈ ಬೆವರಿದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ? ನಾನು ಹೈಸ್ಕೂಲು ಕಲಿತವಳು, ಟೇಪಿನ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಅದೇ ಕೋಣೆಯ ಬೀಜಕ್ಕೆಲ್ಲ ತಪ್ಪದೆ ಮೊಳಕೆ ಪರೀಕ್ಷೆ ಮಾಡುವ ಕಂಪನಿ, ಪಕ್ಕದಲ್ಲೇ ಇದ್ದ ಟೇಪನ್ನು ಒಂದು ಸಲವಾದರೂ ಯಂತ್ರಕ್ಕೆ ಹಾಕಿ ನೋಡಿತೇ?

ಇಷ್ಟೇ ಆಗಿದ್ದರೆ ದಡ್ಡತನ ಎಂದು ಸುಮ್ಮನಾಗುತ್ತಿದ್ದೆ. ಕರಿಯವ್ವನ ಗುಂಪು ಕೆಲಸದಲ್ಲಿ ಗಡಿಬಿಡಿ ಮಾಡುತ್ತದೆ ಎಂದು ಅದಕ್ಕೂ ಹಿಂದಿನ ವರ್ಷ ಯಾರೋ ಬರೆದ ಈ-ಮೇಲನ್ನು ನಿಮ್ಮ ಅಧಿಕಾರಿಗಳು ಪ್ರಿಂಟ್ ತೆಗೆದು ನನ್ನ ಮುಂದಿಟ್ಟರಲ್ಲ, ಅದು ಹೇಗೆ ಉಳಿಯಿತು? ಹಳೆಯದು ಬದುಕಿ ಹೊಸದು ಸತ್ತಿತೇ? ನಿಮಗೆ ಬೇಕಾದದ್ದನ್ನು ಕಾದು, ನಮಗೆ ಬೇಕಾದದ್ದನ್ನೇ ನುಂಗುವ ಸರ್ವರನ್ನು ಎಲ್ಲಿಂದ ತಂದಿರಿ?

ಆ ಟೇಪನ್ನು ಎಸೆಯಕೂಡದು. ನಿಮ್ಮವರಲ್ಲದ ತಜ್ಞರನ್ನು ಕರೆಸಿ, ನನ್ನ ಎದುರಿಗೆ ಪರೀಕ್ಷೆ ಮಾಡಿಸಬೇಕು. ಉತ್ತರ ಬರೆದ ಅಧಿಕಾರಿಯ ಕಂಪ್ಯೂಟರನ್ನೂ ತೆರೆಸಬೇಕು. ಅಲ್ಲಿಯವರೆಗೆ ಕರಿಯವ್ವನ ಮೇಲಿನ ನಿಷೇಧ ತೆಗೆಯಬೇಕು. ಇನ್ನು ಮುಂದೆ ಬ್ಯಾಕಪ್ಪಿನ ಒಂದು ಪ್ರತಿಯನ್ನು ಬೇರೆ ಊರಲ್ಲಿಡಿ, ಆಗಾಗ ತೆರೆದು ಓದಿ ನೋಡಿ.

ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದಲೂ ಬೀಜವನ್ನು ಒಂದೇ ಸೂರಿನ ಕೆಳಗೆ ಇಡುವುದಿಲ್ಲ. ಒಂದು ಪಾಲು ಇಲ್ಲಿ, ಇನ್ನೊಂದು ಅಗಡಿಯ ನನ್ನ ತಂಗಿ ಹೊನ್ನವ್ವನ ಮನೆಯಲ್ಲಿ. ನೀವು ಕೊಟ್ಟ ಗಂಡು ಬೀಜದಲ್ಲಿ ಒಡೆಯದೆ ಉಳಿದಿದ್ದ ಎರಡು ಪೊಟ್ಟಣಗಳನ್ನೂ ಹಾಗೆಯೇ ಇಟ್ಟಿದ್ದೆ. ಇಲ್ಲಿದ್ದುದನ್ನು ನಿಮ್ಮವರು ಬಂದು ಒಯ್ದರು. ಅಗಡಿಯಲ್ಲಿದ್ದುದನ್ನು ಕೇಳಲಿಲ್ಲ. ಮೊನ್ನೆ ಊರ ಹಿರಿಯರ ಎದುರಿಗೆ ಅದರ ಸೀಲು ಒಡೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳಕೆ ಬಂದಿದೆ. ರಸ್ತೆ ಬದಿಯ ಹೊಲದಲ್ಲಿ, ಹೋಗಿಬರುವವರೆಲ್ಲ ನೋಡುವಂತೆ, ಕರಿಯವ್ವನೇ ಸಸಿ ನಾಟಿ ಮಾಡುತ್ತಾಳೆ. ಹೂ ಬಿಟ್ಟಾಗ ಬನ್ನಿ. ಎಷ್ಟು ಹೂವು ಮುಗಿಲು ನೋಡುತ್ತಿವೆ ಎಂದು ನೀವೇ ನೋಡಿ, ಕಾಗದದ ಮೇಲೆ ಬರೆದುಕೊಟ್ಟು ಹೋಗಿ.

ಇಂತಿ,
ಒಮ್ಮೆ ಕಾಗದ ಕೇಳಿ, ಈ-ಮೇಲ್ ಸಾಕೆಂದು ಸುಮ್ಮನಾದ
ಗದಿಗೆವ್ವ, ಮೇಡ್ಲೇರಿ