ಗೋಡೆಗೆ ಇನ್ನೊಂದು ಮೊಳ

ಅಕ್ಕೂರು
ಸೋಮವಾರ, ೯ನೇ ಜುಲೈ ೧೯೩೪

ಗೆಳೆಯ ಹಬೀಬನಿಗೆ ಸಿದ್ದಯ್ಯನ ನಮಸ್ಕಾರ, ಸಲಾಮು ಎರಡೂ.

ಮೊದಲು ಇದನ್ನು ಬರೆದುಬಿಡುತ್ತೇನೆ. ಬೆಂಗಳೂರಿನ ಈಜು ಕಮಿಟಿಯವರು ನನ್ನ ತಂಗಿ ಕೆಂಚಮ್ಮನಿಗೆ ಕೊಡುತ್ತೇವೆ ಅಂದದ್ದು: ಈಜುಡುಪು, ಜೊತೆಗೊಬ್ಬ ಹೆಂಗಸು, ಮೂರು ದಿನ ಕೊಳದಲ್ಲಿ ಅಭ್ಯಾಸ, ಇಲ್ಲಿಯ ಪಂದ್ಯದಲ್ಲಿ ಮೊದಲು ಬಂದರೆ ಇಂಗ್ಲೆಂಡ್ ಸೀಮೆಯ ಪಂದ್ಯಕ್ಕೆ ಹಡಗು. ಉಡುಪು ಬರಲಿಲ್ಲ, ನಿನ್ನ ಹೆಂಡತಿ ಮುನವ್ವರಾ ಹೊಲಿದುಕೊಟ್ಟಳು. ಹೆಂಗಸು ಬರಲಿಲ್ಲ. ಅಭ್ಯಾಸಕ್ಕೆ ಹೋದರೆ ದೊರೆಸಾನಿಯರು ಈಜುತ್ತಿದ್ದಾರೆ, ನಾಳೆ ಬನ್ನಿ ಅಂದರು, ಮೂರು ದಿನವೂ ಅದನ್ನೇ ಅಂದರು. ಹಡಗು ಹೋದ ತಿಂಗಳು ಹೊರಟುಹೋಯಿತು. ಅದರಲ್ಲಿ ನಮ್ಮವಳಿಲ್ಲ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಜ್ವರ ಇತ್ತು, ಶಾಲೆಯ ಸೂರು ಸೋರುತ್ತಿತ್ತು ಅಂತ ಬರೆಯಬಹುದು. ಎರಡೂ ನಿಜವೇ. ಆದರೆ ತಡವಾದದ್ದು ಅದಕ್ಕಲ್ಲ. ಕ್ಷಮಿಸು.

ನೀನು ಬರೆದಿದ್ದೀಯ, ರೂಲು ಪುಸ್ತಕ ಇಂಗ್ಲಿಷಿನಲ್ಲಿತ್ತು, ಓದಿ ಹೇಳಿದವನು ನಾನು, ಕೆಂಚಮ್ಮನನ್ನೇ ಕೂರಿಸಿಕೊಂಡು ಇನ್ನೊಂದು ಸಲ ಹೇಳಬೇಕಿತ್ತು, ತಪ್ಪು ನನ್ನದು ಅಂತ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಪಂದ್ಯದ ದಿನ ರೇಷ್ಮೆ ಬಿಚ್ಚುವ ಒಲೆ ಬಿಟ್ಟು ನಿನಗೆ ಬರಲಾಗಲಿಲ್ಲವಲ್ಲ, ನಡೆದದ್ದನ್ನು ಕೇಳು.

ನಮ್ಮ ಕೆಂಚಿ ಅಂಗಾತ ಈಜುವುದನ್ನು ಯಾವ ಕೊಳದಲ್ಲೂ ಕಲಿತವಳಲ್ಲ. ಪಟೇಲ ದೊಡ್ಡಹನುಮಯ್ಯನ ಹಿಪ್ಪುನೇರಳೆ ತೋಟ ಹೊಳೆಯಾಚೆ, ಹುಳು ಮನೆ ಈಚೆ. ಸೊಪ್ಪು ನೆಂದರೆ ಹುಳ ಸಾಯುತ್ತವೆ. ಹನ್ನೊಂದು ವರ್ಷದಿಂದ ಸೊಪ್ಪಿನ ಗಂಟನ್ನು ಎದೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ನೀರು ತಳ್ಳಿಕೊಂಡು ಬಂದವಳು. ತಂದ ಸೊಪ್ಪನ್ನು ಜಗಲಿಯಲ್ಲಿ ಇಳಿಸಬೇಕು. ಹೊಲಗೇರಿಯವರಾದ ನಾವು ಹುಳು ಮನೆಯೊಳಗೆ ಕಾಲಿಡುವಂತಿಲ್ಲ. ಸೊಪ್ಪಿಗೆ ಮೈಲಿಗೆಯಿಲ್ಲ, ತಂದವಳಿಗುಂಟು. ಇದು ಪಟೇಲರ ಶಾಸ್ತ್ರ.

ಪಂದ್ಯವೂ ಅಂಗಾತ ಈಜುವುದೇ, ಕೊಳದ ಈ ತುದಿಯಿಂದ ಆ ತುದಿಗೆ ಒಂದೇ ಓಟ. ಐವರು ಹೆಣ್ಣುಮಕ್ಕಳು. ನಾಲ್ವರು ಕಂಬಿ ಹಿಡಿದು, ಪಾದ ಗೋಡೆಗೊತ್ತಿ ಸಿದ್ಧವಾದರು. ಕೆಂಚಿ ಹಿಡಿಯಲಿಲ್ಲ, ಸುಮ್ಮನೆ ತೇಲುತ್ತಿದ್ದಳು. ಸೀಟಿ ಊದಿದಾಗ ಎಲ್ಲರಿಗಿಂತ ಹಿಂದೆ ಉಳಿದಳು. ಆಮೇಲೆ ನೋಡಬೇಕಿತ್ತು ನೀನು. ಅವಳ ಎರಡು ಕೈಯೂ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧಕ್ಕೆ ಬರುವಾಗ ಇಬ್ಬರನ್ನು ದಾಟಿದಳು, ಮುಕ್ಕಾಲಿಗೆ ಎಲ್ಲರನ್ನೂ. ಪಕ್ಕದಲ್ಲಿದ್ದ ಒಬ್ಬ ಬಿಳಿ ದೊರೆ ಟೋಪಿ ತೆಗೆದ. ನಾನು ಅಳುತ್ತಿದ್ದೆ, ನಾಚಿಕೆಯೇನಿಲ್ಲ.

ಗೋಡೆಗೆ ಇನ್ನೊಂದು ಮೊಳ ಇತ್ತು. ಅವಳು ನಿಂತಳು. ಕಾಲು ಕೆಳಗೆ ಬಿಟ್ಟು, ಕೈ ಎದೆಗೆ ಕಟ್ಟಿಕೊಂಡು ನಿಂತುಬಿಟ್ಟಳು. ಹಿಂದಿನವಳು ಬಂದು ಗೋಡೆ ಮುಟ್ಟಿದಳು, ಅವಳೇ ಗೆದ್ದಳು ಅಂದರು. ತೀರ್ಪುಗಾರ ನನ್ನನ್ನು ಕರೆದು, ಗೋಡೆ ಮುಟ್ಟಬೇಕೆಂದು ಈಕೆಗೆ ಯಾರೂ ಹೇಳಿಕೊಡಲಿಲ್ಲವೇ ಅಂತ ದುಭಾಷಿಯಿಂದ ಕೇಳಿಸಿದ. ಹಳ್ಳಿಯವಳು ಸ್ವಾಮಿ, ಮರೆತುಬಿಟ್ಟಳು ಅಂದೆ. ಕೆಂಚಿ ನನ್ನ ಮುಖ ನೋಡಿದಳು. ಆಮೇಲೆ, "ಊಂ, ಮರ್ತೋಯ್ತು" ಅಂದಳು.

ಊರಿಗೆ ಬಂದರೆ ದೊಡ್ಡಹನುಮಯ್ಯ ಜಗಲಿ ಮೇಲೆ ಕೂತು ಕಾಯುತ್ತಿದ್ದ. "ಏನ್ಲಾ ಮೇಷ್ಟ್ರೇ, ನಿನ್ ತಂಗಿ ಅಷ್ಟ್ ದೂರ ಓಗಿ ಎದುರ್‍ಗಿರೋ ಗ್ವಾಡೆ ಕಾಣ್ದೆ ಬಂದ್ಬುಟ್ಲಂತೆ? ಸೀಮೆಗೋಗಿದ್ರೆ ಸೀಮೇನೂ ಕಾಣ್ತಿರ್ನಿಲ್ಲ ಬುಡು" ಅಂದ. ಜಗಲಿ ತುಂಬ ನಗು. ಅವತ್ತಿನಿಂದ ಕೆಂಚಿ ಹೊಳೆಗೆ ಇಳಿದಿಲ್ಲ. ಸೊಪ್ಪನ್ನು ತಲೆ ಮೇಲೆ ಹೊತ್ತು ಎರಡು ಮೈಲಿ ಸುತ್ತಿ ಸೇತುವೆ ಮೇಲೆ ಬರುತ್ತಾಳೆ. ಯಾಕವ್ವ ಅಂದರೆ, ಕಾಲಿದಾವಲ್ಲ ಅನ್ನುತ್ತಾಳೆ.

ಕಮಿಟಿಯ ಮೋಸ ಬಯಲಿಗೆಳೆಯಲು ಚನ್ನಪಟ್ಟಣದಲ್ಲಿ ಸಭೆ ಸೇರಿಸೋಣ, ಭಾಷಣ ನೀನೇ ಮಾಡು ಅಂದಿದ್ದೀಯ. ಸೇರಿಸು. ಜನ ಜಾಸ್ತಿ ಬರಲಿ.

ಅವ್ವ ಚೆನ್ನಾಗಿದ್ದಾಳೆ, ಕಣ್ಣು ಒಸಿ ಮಂಜು. ಮುನವ್ವರಾಗೆ ನನ್ನ ನಮಸ್ಕಾರ ಹೇಳು, ಅವಳ ಹೊಲಿಗೆ ಒಂದು ಎಳೆಯೂ ಬಿಚ್ಚಲಿಲ್ಲ. ನಿನ್ನ ಮಗಳು ಮುನ್ನೀ ನೂರು ವರ್ಷ ಬಾಳಲಿ, ಬೇಕಾದ ನೀರಿಗೆ ಬೇಕಾದಾಗ ಇಳಿಯಲಿ.

ನಿನ್ನ
ಸಿದ್ದಯ್ಯ

ತಾ.ಕ.: ಹಬೀಬ, ತಪ್ಪು ನಿನ್ನದಲ್ಲ. ಕೆಂಚಿ ಮರೆಯಲೂ ಇಲ್ಲ. ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ನಾನೇ ಹೇಳಿದೆ: "ಮೆಟ್ಲು, ಕಂಬಿ, ಗ್ವಾಡೆ, ಏನೂ ಮುಟ್ಬ್ಯಾಡ ಕಣವ್ವ. ನಾವ್ಯಾರು ಅಂತ ತಿಳುದ್ರೆ ಮುಟ್ಟಿದ್ದೆಲ್ಲ ಮೈಲ್ಗೆ ಅಂತ ಕೊಳ ಖಾಲಿ ಮಾಡಿಸ್ತಾರೆ, ನಿನ್ನೂ ಓಡಿಸ್ತಾರೆ." ಅವಳು ಕೇಳಿದಳು, "ಗ್ವಾಡೆ ಮುಟ್ಬೇಕು ಅಂತ ಹಬೀಬಣ್ಣ ಯೋಳಿದ್ನಲ್ಲಣ್ಣ?" ನಾನು ಅಂದೆ, "ಆ ರೂಲು ಅವ್ರಿಗೆ, ನಮಗಲ್ಲ." ಎಲ್ಲರಿಗಿಂತ ಮುಂದಿದ್ದರೆ ಸಾಕು, ಮುಟ್ಟಿದಳೋ ಇಲ್ಲವೋ ಯಾರು ನೋಡುತ್ತಾರೆ ಅಂದುಕೊಂಡಿದ್ದೆ. ಕೆರೆ ಬಾವಿ ಎಲ್ಲರ ಸ್ವತ್ತು ಅಂತ ಮಾಗಡಿಯಲ್ಲಿ, ಕನಕಪುರದಲ್ಲಿ ಗಂಟಲು ಹರಿದುಕೊಂಡವನು ನಾನು. ಆ ಕೊಳದಲ್ಲಿ ಯಾರೂ ನಮ್ಮ ಕುಲ ಕೇಳಲೇ ಇಲ್ಲ. ಅವರು ಹಾಕದ ಬೇಲಿಯನ್ನು ನಾನು ಹಾಕಿದೆ, ಆಮೇಲೆ ತಪ್ಪನ್ನೂ ಅವಳ ತಲೆಗೆ ಕಟ್ಟಿದೆ.

ಸಭೆಯಲ್ಲಿ ಕಮಿಟಿಯ ಮಾತಿಗೆ ಮೊದಲು ಇದನ್ನು ಹೇಳುತ್ತೇನೆ. ಕೆಂಚಿಗೆ ತಿಳಿಸಿದೆ. "ಯೋಳ್ತೀಯೋ ನುಂಗ್ತೀಯೋ ನೋಡಾಕೆ ಬತ್ತೀನಿ" ಅಂದಳು. ಸಭೆ ಬರುವ ಭಾನುವಾರವೇ ಆಗಲಿ, ೧೫ನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ನಿನ್ನ ನೂಲಿನ ಕೊಟ್ಟಿಗೆಯ ಮುಂದೆ.