ಲಾಂಡ್ರಿ ಅಕ್ಕನ ಕೆಂಪು ನೂಲು

ಮಾರ್ಚ್ ೧೧, ಮಂಗಳವಾರ.

ಆರೋಗ್ಯ ಇಲಾಖೆಯವರು ಕೊಡುತ್ತೇವೆಂದದ್ದು: ನಮ್ಮ ಬಡಾವಣೆಯ ಆಸ್ಪತ್ರೆಗೆ ಇನ್ನೊಬ್ಬ ಡಾಕ್ಟರು. ಇವತ್ತು ಇಲ್ಲವೆಂದದ್ದು: ಡಾಕ್ಟರಷ್ಟೇ ಅಲ್ಲ, ಆಸ್ಪತ್ರೆಯೇ. ತಿಂಗಳ ಕೊನೆಗೆ ಬೀಗ.

ಆದಾಯ ತೆರಿಗೆ ಪಟ್ಟಿಯ ಪ್ರಕಾರ ಎರಡು ವರ್ಷದಲ್ಲಿ ಇಲ್ಲಿಯ ತೊಂಬತ್ತು ಸಂಸಾರಗಳು ಆದಾಯದ ಸಮೇತ ಜಿಲ್ಲೆ ಬಿಟ್ಟಿವೆಯಂತೆ. "ಜನಾನೇ ಇಲ್ಲ, ಆಸ್ಪತ್ರೆ ಯಾರಿಗೆ?" ಎಂದ ಇಲಾಖೆಯ ಅಧಿಕಾರಿ, ಕಚೇರಿಗೆ ಹೋದ ನಮ್ಮ ಹೋರಾಟ ಸಮಿತಿಗೆ. ಇಪ್ಪತ್ತು ವರ್ಷ ಹೋರಾಟದ ಮೈಕು ಹಿಡಿದ ನಾನೂ ವರದಿಯ ಪುಟ ತಿರುವಿ ಹಾಕಿದೆ.

ಆಗ ಎದ್ದವಳು ನಮ್ಮ ಜೊತೆ ಬಂದಿದ್ದ ಲಾಂಡ್ರಿ ಅಕ್ಕ, ಬಡಾವಣೆಯವರ ಬಟ್ಟೆ ಒಗೆಯುವವಳು. ಬಟ್ಟೆ ಅದಲುಬದಲಾಗದಿರಲೆಂದು ಅವಳು ಕಾಲರಿನೊಳಗೆ ಮನೆಗೊಂದು ನೂಲಿನ ಗುರುತು ಹಾಕುತ್ತಾಳೆ. ಮರೆಯದಿರಲು ಅದೇ ಗುರುತುಗಳನ್ನು ಒಂದು ಹಳೇ ದುಪ್ಪಟಿಯ ಮೇಲೂ ಹೊಲಿದಿಟ್ಟಿದ್ದಾಳೆ. ಆ ದುಪ್ಪಟಿಯನ್ನು ಅಧಿಕಾರಿಯ ಮೇಜಿನ ಮೇಲೆ ಹರವಿದಳು.

"ನೂಲು ಬಿಚ್ಚಿರೋದು ಹೋದವರದ್ದು, ತೊಂಬತ್ತು ಸರಿ. ಕೆಂಪು ನೂಲಿಂದು ಈಚೆಗೆ ಬಂದವರದ್ದು, ನೂರಾ ಮೂವತ್ತು ಮನೆ. ಅವರದ್ದು ಕೋಟು, ಇವರದ್ದು ಕಾರ್ಖಾನೆ ಅಂಗಿ. ಜ್ವರ ಕೋಟು ನೋಡ್ಕೊಂಡು ಬರತ್ತಾ ಸಾರ್?"

"ಇವರು ತೆರಿಗೆ ಪಟ್ಟೀಲಿ ಇಲ್ವಲ್ಲಮ್ಮ."

"ಅಷ್ಟು ಸಂಬಳ ಬಂದ್ರೆ ತಾನೇ? ನಿಮ್ಮ ಪಟ್ಟೀಲಿಲ್ಲ, ನನ್ನ ತೊಟ್ಟೀಲಿದ್ದಾರೆ."

ಎಲಾ ಅಕ್ಕ! ವರದಿ ಓದಿ ಓದಿ ಕಣ್ಣು ಕೆಡಿಸಿಕೊಂಡ ನಮಗೆ ಕಾಣದ್ದು ಅವಳ ಸೂಜಿಗೆ ಕಂಡಿತ್ತು. ಹೋದವರ ಗೋಳನ್ನೇ ಹಾಡುತ್ತಾ ಕೂತ ನಾವು ಬಂದವರ ಬಾಗಿಲನ್ನು ಒಮ್ಮೆಯೂ ತಟ್ಟಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

"ಆ ಜನಾನ ತೋರಿಸಿ, ಆಮೇಲೆ ಆಸ್ಪತ್ರೆ ಉಳಿಸೋಕೆ ಸಹಿ ಹಾಕೋ ಮಾತು" ಎಂದು ಅಧಿಕಾರಿ ಫೈಲು ಮುಚ್ಚಿದ.

ತೋರಿಸುತ್ತೇವೆ. ಎಲ್ಲರೂ ಕಾರ್ಖಾನೆ ಅಂಗಿಯಲ್ಲೇ, ಕಾಲರು ಮಡಚಿ, ಕೆಂಪು ನೂಲು ಕಾಣುವಂತೆ. ಗುರುವಾರ, ಸಂಜೆ ಐದಕ್ಕೆ, ಆಸ್ಪತ್ರೆಯ ಅಂಗಳದಲ್ಲಿ.